ಬಾವಿಯಲ್ಲಿ ದೊರೆತ ರಾಕೆಟ್ಟುಗಳು

ಹಿರೇನಲ್ಲೂರಿನ ಕಡೆಯ ನಿಮಗೆ ಹಾಳುಬಾವಿಯ ಹೂಳೆತ್ತುವುದು ಹೊಸ ಸಂಗತಿಯೇನಲ್ಲ. ನೆರೆಯ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಎಂದರೆ ಹಿಂದಿನ ಬಿದನೂರಿನಲ್ಲಿ, 2018ರಲ್ಲಿ ಪುರಾತತ್ವ ಇಲಾಖೆಯವರು ಅಂಥದೊಂದು ಬಾವಿಯನ್ನು ತೋಡಿದರು. ಮಣ್ಣಿನಲ್ಲಿ ಮದ್ದಿನ ವಾಸನೆ. ಅಡಿಯಲ್ಲಿ ಸಾವಿರಕ್ಕೂ ಮಿಕ್ಕ ಕಬ್ಬಿಣದ ರಾಕೆಟ್ಟುಗಳು! 1780ರ ಪೊಲ್ಲಿಲೂರು ಕಾಳಗದಲ್ಲಿ ಮೈಸೂರಿನವರು ಇಂಗ್ಲಿಷರ ಮೇಲೆ ಹಾರಿಸಿದ್ದು ಇಂಥವನ್ನೇ.

ಇವನ್ನು ಉಜ್ಜಿ ಹೊಳೆಯಿಸಬಾರದೇ ಎಂದು ನೀವು ಕೇಳಬಹುದು. ಕೂಡದು. ತುಕ್ಕಿನೊಡನೆ ಕಮ್ಮಾರನ ಸುತ್ತಿಗೆಯ ಗುರುತೂ ಅಳಿದುಹೋಗುತ್ತದೆ. ಒಳಗೆ ಮದ್ದು ಉಳಿದಿದೆಯೇ ಎಂದು ಬಲ್ಲವರು ಮೊದಲು ಪರೀಕ್ಷಿಸಬೇಕು. ಬಳಿಕ ಸಡಿಲ ತುಕ್ಕನ್ನು ಮೆಲ್ಲನೆ ಬಿಡಿಸಿ, ಉಪ್ಪಿನಂಶ ತೆಗೆದು, ತೇವ ಆರಿಸಿ, ಮೇಣ ಲೇಪಿಸಬೇಕು. ನಿಮ್ಮೂರಿನಲ್ಲಿ ಇಂಥ ವಸ್ತು ಕಂಡರೆ ಕೈಹಚ್ಚಬೇಡಿರಿ, ಗುಜರಿಗೂ ಕೊಡಬೇಡಿರಿ, ಇಲಾಖೆಗೆ ತಿಳಿಸಿರಿ.