ಹೊಸಬರಿಗೊಂದು ಲಿನಕ್ಸ್: ಮ್ಯಾಂಡ್ರೇಕಿನ ವೃತ್ತಾಂತ

ಮ್ಯಾಂಡ್ರೇಕ್ ಎಂದೊಡನೆ, ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದ ನಮ್ಮಲ್ಲನೇಕರಿಗೆ ಉದ್ದನೆಯ ಟೊಪ್ಪಿಗೆಯ ಮಾಂತ್ರಿಕನೇ ನೆನಪಾಗುತ್ತಾನೆ. ನಾವು ಹೇಳಹೊರಟಿರುವುದು ಅದೇ ಹೆಸರು ಹೊತ್ತ ಗಣಕ ತಂತ್ರಾಂಶವೊಂದರ ಕಥೆ. ಆ ಮಾಂತ್ರಿಕನೂ ನಡುವೆ ಒಮ್ಮೆ ಬಂದುಹೋಗುತ್ತಾನೆ.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ರಚಿಸಿದ ಲಿನಕ್ಸ್ ಕೇವಲ ತಿರುಳು. ಬಳಕೆಗೆ ಬೇಕಾದ ಉಳಿದ ತಂತ್ರಾಂಶಗಳನ್ನು ಅದರೊಡನೆ ಜೋಡಿಸಿ ಕೊಟ್ಟಾಗ ಅದು ‘ವಿತರಣೆ’ ಎನಿಸುತ್ತದೆ. 1993ರ ಸ್ಲ್ಯಾಕ್‌ವೇರ್ ವಿತರಣೆಯನ್ನು ಸ್ಥಾಪಿಸುವವರು ಫ್ಲಾಪಿಗಳ ರಾಶಿಯನ್ನು ಮುಂದಿಟ್ಟುಕೊಂಡು, ಡಿಸ್ಕನ್ನು ತಾವೇ ವಿಭಾಗಿಸಿ, ಮಾನಿಟರಿನ ಆವರ್ತನವನ್ನು ತಿಳಿದು ಬರೆಯಬೇಕಿತ್ತು. ಆವರ್ತನ ತಪ್ಪಿದರೆ ಅಂದಿನ ಮಾನಿಟರು ಕೆಡುವ ಭಯವೂ ಇತ್ತು. ಬಲ್ಲವರಿಗೆ ಇದೊಂದು ದೀಕ್ಷೆ. ಉಳಿದವರಿಗೆ ಮುಚ್ಚಿದ ಬಾಗಿಲು.

ಬಾಗಿಲು ತೆರೆದದ್ದು ಒಂದು ವಿವಾದದ ಫಲವಾಗಿ ಎಂಬುದು ಸ್ವಾರಸ್ಯಕರ. 1996ರಲ್ಲಿ ಜರ್ಮನಿಯ ಮಥಿಯಾಸ್ ಎಟ್ರಿಚ್ ಸಾಮಾನ್ಯ ಬಳಕೆದಾರರಿಗೆಂದೇ ಕೆಡಿಇ ಎಂಬ ಚಿತ್ರಮಯ ಪರದೆಯ ಯೋಜನೆಯನ್ನು ಆರಂಭಿಸಿದರು. ಅದು ಆಧರಿಸಿದ್ದ ಕ್ಯೂಟಿ ತಂತ್ರಾಂಶದ ಪರವಾನಗಿ ಆಗ ಪೂರ್ಣ ಸ್ವತಂತ್ರವಾಗಿರಲಿಲ್ಲವಾದ್ದರಿಂದ ರೆಡ್ ಹ್ಯಾಟ್ ಸಂಸ್ಥೆ ಅದನ್ನು ತನ್ನ ವಿತರಣೆಗೆ ಸೇರಿಸಲಿಲ್ಲ. 1998ರ ಜುಲೈನಲ್ಲಿ ಫ್ರಾನ್ಸಿನ ತರುಣ ಗಾಯೆಲ್ ದ್ಯುವಾಲ್ ರೆಡ್ ಹ್ಯಾಟ್ 5.1ನ್ನೂ ಕೆಡಿಇ 1.0ನ್ನೂ ಬೆಸೆದು ಅಂತರಜಾಲದಲ್ಲಿರಿಸಿ ರಜೆಗೆ ಹೊರಟುಹೋದರು. ಮರಳಿದಾಗ 200ಕ್ಕೂ ಹೆಚ್ಚು ಪತ್ರಗಳು ಕಾದಿದ್ದವು! ಅನ್ಯರ ಕೃತಿಯನ್ನು ಹೀಗೆ ಪಡೆದು, ತಿದ್ದಿ, ಹಂಚುವ ಹಕ್ಕನ್ನು ಸ್ವತಂತ್ರ ತಂತ್ರಾಂಶದ ಪರವಾನಗಿಯೇ ಕೊಟ್ಟಿತ್ತು.

ದ್ಯುವಾಲ್ ಅವರ ಕಾಣಿಕೆ ಹೊಸ ಶೋಧವಲ್ಲ, ಹೊಸಬರ ಪರವಾಗಿ ಮಾಡಿದ ಆಯ್ಕೆ ಎಂದೇ ನಮ್ಮ ಅಭಿಪ್ರಾಯ. 2000ದ ಮ್ಯಾಂಡ್ರೇಕ್ 7.0ರಲ್ಲಿ ಸ್ಥಾಪನೆಯೂ ಚಿತ್ರಮಯವಾಯಿತು. ಡಿಸ್ಕಿನ ವಿಭಾಗಗಳು ಬಣ್ಣದ ಪಟ್ಟಿಗಳಾಗಿ ಕಾಣತೊಡಗಿದವು. ವಿಂಡೋಸನ್ನು ಅಳಿಸದೆ, ಅದರ ಜಾಗವನ್ನಷ್ಟೇ ಕುಗ್ಗಿಸಿ, ಪಕ್ಕದಲ್ಲಿ ಲಿನಕ್ಸನ್ನು ಇರಿಸಬಹುದಾಯಿತು. ಮನೆಮಂದಿಗೆಲ್ಲ ಒಂದೇ ಗಣಕವಿದ್ದ ಆ ದಿನಗಳಲ್ಲಿ ಇದು ಸಣ್ಣ ಮಾತಲ್ಲ. ಇದ್ದುದನ್ನು ಕಳೆದುಕೊಳ್ಳುವ ಭಯವಿರುವಾಗ ಹೊಸದನ್ನು ಯಾರು ತಾನೇ ಮುಟ್ಟಿಯಾರು?

ವ್ಯವಹಾರ ಮಾತ್ರ ಕೈಹಿಡಿಯಲಿಲ್ಲ. 2003ರಲ್ಲಿ ಮ್ಯಾಂಡ್ರೇಕ್‌ಸಾಫ್ಟ್ ಕಂಪನಿ ಸಾಲಗಾರರಿಂದ ಕಾನೂನಿನ ರಕ್ಷಣೆ ಕೋರಿತು. 2004ರಲ್ಲಿ ಕಾಮಿಕ್ಸಿನ ಮಾಂತ್ರಿಕನ ಹಕ್ಕುದಾರರಾದ ಹರ್ಸ್ಟ್ ಸಂಸ್ಥೆಯೆದುರು ಹೆಸರಿನ ಮೊಕದ್ದಮೆಯಲ್ಲಿ ಸೋತಿತು. ಮರುವರ್ಷ ಬ್ರೆಜಿಲಿನ ಕೊನೆಕ್ಟಿವಾ ಜೊತೆಗೂಡಿ ‘ಮಾಂಡ್ರಿವಾ’ ಆಯಿತು. ಅಷ್ಟರಲ್ಲಿ, ಕೇಳಿದವರಿಗೆಲ್ಲ ಉಚಿತವಾಗಿ ಸಿ.ಡಿ. ಕಳುಹಿಸುತ್ತಿದ್ದ ಉಬುಂಟು 2004ರಲ್ಲಿ ಹುಟ್ಟಿ ಹೊಸಬರ ಮನಗೆದ್ದಿತ್ತು. 2006ರಲ್ಲಿ ಕಂಪನಿ ತನ್ನ ಸ್ಥಾಪಕರಲ್ಲೊಬ್ಬರಾದ ದ್ಯುವಾಲ್ ಅವರನ್ನೇ ಕೆಲಸದಿಂದ ತೆಗೆಯಿತು. 2015ರಲ್ಲಿ ಕಂಪನಿಯೇ ಮುಚ್ಚಿತು.

ಆದರೆ 2010ರಲ್ಲೇ, ಕೆಲಸ ಕಳೆದುಕೊಂಡ ಅದರ ನೌಕರರೂ ಸ್ವಯಂಸೇವಕರೂ ಸೇರಿ, ದ್ಯುವಾಲ್ ಅಂದು ಬಳಸಿದ ಅದೇ ಹಕ್ಕಿನಿಂದ ಇಡೀ ವಿತರಣೆಯನ್ನು ಪಡೆದು ಬೇರೆಯಾಗಿದ್ದರು. ಅದಕ್ಕೆ ‘ಮಜೇಯಾ’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಮಾಂತ್ರಿಕವಿದ್ಯೆ ಎಂದರ್ಥ. ಅದರ ಒಂಬತ್ತನೆಯ ಆವೃತ್ತಿ 2023ರಲ್ಲಿ ಹೊರಬಂದಿದೆ.