ಧೋಲೇರಾದ ಹತ್ತಿ, ಕ್ಯಾಸಿನೊದ ಬೋನಸ್

ಅಹಮದಾಬಾದಿನಲ್ಲಿ ಧೋಲೇರಾ ಎಂದರೆ ಇವತ್ತು ಪ್ಲಾಟು, ಸೆಮಿಕಂಡಕ್ಟರ್ ಕಾರ್ಖಾನೆ, ಎಕ್ಸ್‌ಪ್ರೆಸ್‌ವೇ. ನಮ್ಮ ಆಫೀಸಿನ ಲಿಫ್ಟಿನಲ್ಲೂ ಅದೇ ಮಾತು. ನನಗೆ ಆ ಊರು ಪರಿಚಯವಾದದ್ದು ಮಾತ್ರ ಮುಂಬಯಿ ಹೈಕೋರ್ಟಿನ 1899ರ ಒಂದು ತೀರ್ಪಿನಿಂದ: ದೋಷಿ ತಲಕ್ಷಿ ವಿರುದ್ಧ ಶಾ ಉಜಮ್ಶಿ ವೇಲ್ಶಿ. ಆನ್‌ಲೈನ್ ಕ್ಯಾಸಿನೊಗಳು ಹೊಸಬರಿಗೆ ಕೊಡುವ ‘ವೆಲ್ಕಮ್ ಬೋನಸ್’ ಮತ್ತು ಅದಕ್ಕೆ ಅಂಟಿಕೊಂಡಿರುವ ‘ವೇಜರಿಂಗ್’ ಷರತ್ತನ್ನು ಅರ್ಥ ಮಾಡಿಕೊಳ್ಳಲು ಈ ಹಳೆಯ ತೀರ್ಪಿನಷ್ಟು ನೆರವಾದದ್ದು ಇನ್ನೊಂದಿಲ್ಲ.

ಖಂಭಾತ್ ಕೊಲ್ಲಿಯ ಬದಿಯ ಧೋಲೇರಾ ಹತ್ತೊಂಬತ್ತನೇ ಶತಮಾನದಲ್ಲಿ ಹತ್ತಿಯ ಬಂದರು. ಲಿವರ್‌ಪೂಲ್ ಪೇಟೆಯಲ್ಲಿ ಆ ಹೆಸರಿನದೇ ಒಂದು ಹತ್ತಿ ತಳಿ ಮಾರಾಟವಾಗುತ್ತಿತ್ತು. ಆದರೆ ಮೊಕದ್ದಮೆಯಲ್ಲಿದ್ದದ್ದು ಭರೂಚ್ ಹತ್ತಿ. ಅದು ಧೋಲೇರಾದಲ್ಲಿ ಬೆಳೆಯುತ್ತಿರಲಿಲ್ಲ, ಹೊರಗಿನಿಂದ ಅಲ್ಲಿಗೆ ಬರುತ್ತಲೂ ಇರಲಿಲ್ಲ. ಇದನ್ನು ಯಾರೂ ಅಲ್ಲಗಳೆಯಲಿಲ್ಲ. ಆದರೂ ಅಲ್ಲಿನ ವ್ಯಾಪಾರಿಗಳು ಅದನ್ನು ಕೊಳ್ಳುತ್ತಿದ್ದರು, ಮಾರುತ್ತಿದ್ದರು. ಒಪ್ಪಂದಕ್ಕೆ ಅಚ್ಚು ಹಾಕಿಸಿದ ನಮೂನೆಯಿತ್ತು, ವ್ಯಾಪಾರಿಗಳೇ ಮಾಡಿಕೊಂಡ ನಿಯಮಗಳಿದ್ದವು. ಪ್ರತಿ ವ್ಯವಹಾರದಲ್ಲೂ ಸರಕನ್ನು ಒಪ್ಪಿಸಲೇಬೇಕು, ದರದ ವ್ಯತ್ಯಾಸದ ಮೇಲೆ ಜೂಜಾಡಕೂಡದು ಎಂದು ಆ ನಿಯಮಗಳಲ್ಲಿ ಸ್ಪಷ್ಟವಾಗಿ ಬರೆದಿತ್ತು. ನಡೆಯುತ್ತಿದ್ದದ್ದು ಬೇರೆ. ವಾಯಿದೆಯ ದಿನ ಮುಂಬಯಿಯ ದರ ನೋಡುವುದು, ಒಪ್ಪಿದ ದರಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನು ಕೊಟ್ಟು ಮುಗಿಸುವುದು. (ನಾವು ಸಾಲದ ಗಡುವಿಗೆ ಹೇಳುವ ‘ವಾಯಿದೆ’ಯೇ ಗುಜರಾತಿಗಳ ‘ವಾಯದೊ’. ಇಲ್ಲಿ ಅದು ಮುಂಗಡ ವ್ಯಾಪಾರದ ಹೆಸರು.)

ಹೈಕೋರ್ಟು ಅಚ್ಚಾದ ಕಾಗದವನ್ನು ಪಕ್ಕಕ್ಕಿಟ್ಟು, ಈ ಪೇಟೆಯಲ್ಲಿ ಒಪ್ಪಂದಗಳು ಹೇಗೆ ಮುಗಿಯುತ್ತಿದ್ದವು ಎಂದು ನೋಡಿತು. ಒಂದೂ ಸರಕು ಒಪ್ಪಿಸಿ ಮುಗಿದಿರಲಿಲ್ಲ. ಹಾಗಾಗಿ ಇದು ಪಣ, 1872ರ ಕರಾರು ಕಾಯ್ದೆಯ 30ನೇ ಕಲಮಿನಡಿ ಅನೂರ್ಜಿತ ಎಂದಿತು. ಸಾಫ್ಟ್‌ವೇರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸ್ಪೆಸಿಫಿಕೇಶನ್ನಿನಲ್ಲಿ ಏನಿದೆ ಎನ್ನುವುದನ್ನು ಬಿಟ್ಟು, ಲಾಗ್ ಏನು ಹೇಳುತ್ತದೆ ಎಂದು ನೋಡಿದಂತೆ.

ಕೋರ್ಟುಗಳು ಮೊದಲಿನಿಂದ ಹೀಗೆ ಬಿಗಿಯಾಗಿರಲಿಲ್ಲ. ಕಲ್ಕತ್ತೆಯ ಸರ್ಕಾರಿ ಹರಾಜಿನಲ್ಲಿ ಪಾಟ್ನಾ ಅಫೀಮಿಗೆ ಎಷ್ಟು ದರ ಬೀಳುತ್ತದೆ ಎನ್ನುವುದರ ಮೇಲೆ ಕಟ್ಟಿದ ಪಣದ ದಾವೆಯೊಂದು ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿತ್ತು. 1848ರಲ್ಲಿ ಅದು ಪಣ ಊರ್ಜಿತ ಎಂದುಬಿಟ್ಟಿತು. ಅದೇ ವರ್ಷ ಕಂಪನಿ ಸರ್ಕಾರ ಪಣಗಳನ್ನು ಅನೂರ್ಜಿತಗೊಳಿಸುವ ಕಾಯ್ದೆ ತಂದಿತು. ನಂತರ ಬಂತು ಅಮೆರಿಕದ ಅಂತರ್ಯುದ್ಧ. 1861ರಿಂದ ನಾಲ್ಕು ವರ್ಷ ಲಂಕಾಶೈರಿನ ಗಿರಣಿಗಳಿಗೆ ಅಮೆರಿಕದ ಹತ್ತಿ ಸಿಗದೆ ನಮ್ಮ ಹತ್ತಿಗೆ ಚಿನ್ನದ ಬೆಲೆ ಬಂತು. ಸೂರತ್‌ನಲ್ಲಿ ಹುಟ್ಟಿದ ಪ್ರೇಮಚಂದ್ ರಾಯಚಂದ್ ಮುಂಬಯಿಯ ಪೇಟೆ ಆಳಿದ್ದು ಆಗಲೇ. ಯುದ್ಧ ಮುಗಿದು ದರ ಕುಸಿಯಿತು. 1865ರ ಜುಲೈ 1ರ ವಾಯಿದೆ ಎಷ್ಟೋ ಮನೆತನಗಳನ್ನು ದಿವಾಳಿ ಎಬ್ಬಿಸಿತು.

ಮುಂಬಯಿ ಪ್ರಾಂತ್ಯದ 3ನೇ ಕಾಯ್ದೆಯೂ ಅದೇ 1865ರದು. ಬೇರೆ ಪ್ರಾಂತ್ಯಗಳಲ್ಲಿ ಪಣ ಮಾತ್ರ ಅನೂರ್ಜಿತ. ಇಲ್ಲಿ ಪಣಕ್ಕೆ ನೆರವಾಗುವ ಕರಾರುಗಳೂ ಅನೂರ್ಜಿತ. ದಲಾಲಿ ಕೇಳಿ ದಾವೆ ಹೂಡುವಂತಿಲ್ಲ, ಜಾಮೀನು ನಿಲ್ಲುವುದಿಲ್ಲ. ಅಹಮದಾಬಾದ್, ಸೂರತ್ ಜೊತೆಗೆ ನಮ್ಮ ಧಾರವಾಡ, ಬೆಳಗಾವಿಗಳೂ ಆ ಪ್ರಾಂತ್ಯದಲ್ಲೇ ಇದ್ದವು. ಗದಗಿನ ಕಡೆಯ ಧಾರವಾಡ-ಅಮೆರಿಕನ್ ಹತ್ತಿಗೂ ಭರೂಚ್ ಹತ್ತಿಗೂ ಪಣದ ಕಾನೂನು ಒಂದೇ. ಬರೋಡೆ ಮಾತ್ರ ಗಾಯಕವಾಡರ ಸಂಸ್ಥಾನ. ಅದು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದು 1949ರಲ್ಲಿ. ನಾನು ಕೆಲಸಕ್ಕಾಗಿ ವಡೋದರಾ ದಾಟಿ ಸೂರತ್‌ಗೆ ಹೋಗುವ ರೈಲುದಾರಿಯಲ್ಲಿ ಒಂದು ಕಾಲಕ್ಕೆ ಇಂಥ ಗಡಿಗಳು ಹಲವು ಇದ್ದವು. ಇನ್ನು ನಮ್ಮೂರ ಚಹಾದಂಗಡಿಗಳ ‘ಓಸಿ’ಯೂ ಹತ್ತಿಯ ಮಗುವೇ. ನ್ಯೂಯಾರ್ಕಿನ ಹತ್ತಿ ಪೇಟೆಯ ‘ಓಪನ್’, ‘ಕ್ಲೋಸ್’ ದರಗಳ ಮೇಲೆ ಮುಂಬಯಿಯಲ್ಲಿ ಕಟ್ಟುತ್ತಿದ್ದ ಪಣದಿಂದ ಬಂದ ಹೆಸರು ಅದು.

ಈಗ ಬೋನಸ್ಸಿಗೆ ಬರುತ್ತೇನೆ. ನಮ್ಮ ಕಡೆಯ ಹುಡುಗನೊಬ್ಬ ಸೂರತ್‌ನಲ್ಲಿ ಕೆಲಸಕ್ಕಿದ್ದಾನೆ. ವಿದೇಶದ ಒಂದು ಕ್ಯಾಸಿನೊ ತಾಣಕ್ಕೆ ಹತ್ತು ಸಾವಿರ ಕಟ್ಟಿದ, ತಾಣ ಇನ್ನು ಹತ್ತು ಸಾವಿರ ಸೇರಿಸಿತು. “ಸ್ಕ್ರೀನ್ ಮ್ಯಾಲ ಇಪ್ಪತ್ತು ಸಾವಿರ ಐತಲ್ರೀ ಸರ್, ತಗೀಲಿಕ್ಕೆ ಹೋದ್ರ ಬಿಡವಲ್ದು” ಎಂದು ಫೋನ್ ಮಾಡಿದ. ಷರತ್ತು ಓದಿಸಿದೆ: ಜಮೆ ಮತ್ತು ಬೋನಸ್ ಎರಡನ್ನೂ ಸೇರಿಸಿ ಅದರ 35 ಪಟ್ಟು ಆಡಿರಬೇಕು. ಅಂದರೆ ಏಳು ಲಕ್ಷ ರೂಪಾಯಿಯ ಪಣ. ಸ್ಲಾಟ್ ಯಂತ್ರ ನೂರಕ್ಕೆ ನಾಲ್ಕು ರೂಪಾಯಿ ತಾನಿಟ್ಟುಕೊಳ್ಳುತ್ತದೆ ಎಂದು ಹಿಡಿದರೆ ಏಳು ಲಕ್ಷಕ್ಕೆ ಸರಾಸರಿ ನಷ್ಟ 28,000. ಖಾತೆಯಲ್ಲಿರುವುದೇ 20,000. ಬೋನಸ್ಸಿನ ಮೇಲೆ ಮಾತ್ರ 35 ಪಟ್ಟು ಎಂದಿದ್ದರೂ ಮೂರೂವರೆ ಲಕ್ಷಕ್ಕೆ 14,000 ಹೋಗುತ್ತದೆ, ಕೊಟ್ಟ ಬೋನಸ್ಸಿಗಿಂತ ಹೆಚ್ಚು. ಒಂದು ಸೊನ್ನೆಯ ರೂಲೆಟ್ಟಿನಲ್ಲಿ ಮನೆಯ ಪಾಲು ನೂರಕ್ಕೆ 2.7 ಮಾತ್ರ, ಅದನ್ನು ಆಡೋಣ ಎಂದರೆ ರೂಲೆಟ್ಟಿನ ಪಣ ನೂರಕ್ಕೆ ಹತ್ತರಷ್ಟು ಮಾತ್ರ ಲೆಕ್ಕಕ್ಕೆ ಎಂಬ ಇನ್ನೊಂದು ಸಾಲಿತ್ತು. ಏಳು ಲಕ್ಷ ಎಪ್ಪತ್ತು ಲಕ್ಷವಾಯಿತು! ಗಡುವು ಏಳು ದಿನ. ನೂರು ರೂಪಾಯಿಯ ಆಟವಾದರೆ ದಿನಕ್ಕೆ ಸಾವಿರ ಸಲ ಒತ್ತಬೇಕು. ಅದೃಷ್ಟ ಕುದುರಿ ದಾಟುವವರೂ ಇರುತ್ತಾರೆ, ಸರಾಸರಿ ಎಂದರೆ ಎಲ್ಲರ ಹಣೆಬರಹವಲ್ಲ. ಆದರೆ ಷರತ್ತನ್ನು ಕಟ್ಟಿದವನು ಸರಾಸರಿಯನ್ನೇ ನಂಬಿ ಕಟ್ಟಿರುತ್ತಾನೆ. ಬ್ರಿಟನ್ನಿನ ಜೂಜು ಆಯೋಗ 2025ರಲ್ಲಿ ಈ ಪಟ್ಟಿಗೆ ಹತ್ತರ ಮಿತಿ ಘೋಷಿಸಿತು, ಅದೂ ಇದೇ ಗಣಿತ ನೋಡಿಯೇ ಇರಬೇಕು.

ನಮ್ಮ ಆದಾಯ ತೆರಿಗೆಯವರು ಇದನ್ನು ಮೊದಲೇ ಕಂಡುಕೊಂಡಿದ್ದರು. ಆನ್‌ಲೈನ್ ಆಟದ ನಿವ್ವಳ ಗೆಲುವಿನ ಮೇಲೆ ಶೇಕಡಾ 30 ಮೂಲದಲ್ಲೇ ಕಡಿತ ಎಂಬ ನಿಯಮ 2023ರ ಏಪ್ರಿಲ್‌ನಲ್ಲಿ ಬಂತು. ಮೇ ತಿಂಗಳ ಸುತ್ತೋಲೆಯ ಪ್ರಕಾರ, ಆಡಲು ಮಾತ್ರ ಬರುವ, ಹಿಂಪಡೆಯಲು ಬಾರದ ಬೋನಸ್ಸನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ. ಹಿಂಪಡೆಯುವಂತಾದ ದಿನ ಹಿಡಿದರೆ ಸಾಕು. ತೆರಿಗೆ ಹಾಕುವವನೇ ಹಣ ಅನ್ನದ್ದನ್ನು ಹುಡುಗ ತನ್ನ ಹಣ ಅಂದುಕೊಂಡಿದ್ದ.

“ಗ್ರಾಹಕರ ಕೋರ್ಟಿಗೆ ಹೋಗೂಣೇನ್ರೀ?” ಎಂದು ಕೇಳಿದ. ನಾನು 30ನೇ ಕಲಮು ಓದಿ ಹೇಳಿದೆ. ಪಣದಲ್ಲಿ ಗೆದ್ದದ್ದಕ್ಕೆ ದಾವೆ ಇಲ್ಲ. ಫಲಿತಾಂಶಕ್ಕಾಗಿ ಇನ್ನೊಬ್ಬರ ಕೈಯಲ್ಲಿ ಇಟ್ಟದ್ದಕ್ಕೂ ಇಲ್ಲ. (ಐನೂರು ರೂಪಾಯಿ ಅಥವಾ ಹೆಚ್ಚಿನ ಕುದುರೆ ಪಂದ್ಯದ ಬಹುಮಾನಕ್ಕೆ ಮಾತ್ರ ವಿನಾಯಿತಿ, ಸಾಹೇಬರ ಕಾಲದ್ದು.) 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು. ಆ ಕಾಯ್ದೆಯಲ್ಲಿ ಶಿಕ್ಷೆ ಆಡಿಸುವವರಿಗೆ, ಜಾಹೀರಾತು ಮಾಡುವವರಿಗೆ, ಹಣ ಸಾಗಿಸುವವರಿಗೆ. ಆಡುವವನಿಗೆ ಶಿಕ್ಷೆ ಇಲ್ಲ. ಆದರೆ ಗೆದ್ದ ಹಣ ಕೊಡಿಸುವ ದಾರಿಯನ್ನೂ ಅದು ತೆರೆಯುವುದಿಲ್ಲ. ಹಾಗಾಗಿ ವೇಜರಿಂಗ್ ಪೂರೈಸಿದವನಿಗೂ ಹಣ ಸಿಗುವುದು ಆ ತಾಣದ ಮರ್ಜಿಯಿಂದ ಮಾತ್ರ. ಆ ಷರತ್ತುಪಟ್ಟಿ ನಲವತ್ತು ಪುಟ ಇದ್ದರೂ ಅಷ್ಟೇ.

ಧೋಲೇರಾದ ಪರೀಕ್ಷೆಯನ್ನು ಅವನ ಖಾತೆಯ ಮೇಲೂ ಮಾಡಿ ನೋಡಿದೆವು. ವಹಿವಾಟಿನ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿ ಸೋಸಿದರೆ ಹತ್ತು ತಿಂಗಳಲ್ಲಿ ಒಂಬತ್ತು ಬೋನಸ್, ಹಣ ಹಿಂಪಡೆದ ಅಂಕಣ ಪೂರ್ತಿ ಖಾಲಿ. ಫೋನಿನ ಆ ಕಡೆ ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಜಮೆ ಮಾಡಿದ ಹಣ ಸಾಲದ ಆ್ಯಪಿನಿಂದ ತಂದದ್ದು, ಇನ್ನೂ ಐದು ಕಂತು ಬಾಕಿ ಎಂದ.