ಏಕವರ್ಣಸಮೀಕರಣವೂ ಶಾಲೆಯ ಬೀಜಗಣಿತವೂ

ಮಾಧ್ಯಮಿಕ ಶಾಲೆಯಲ್ಲಿ ಬೀಜಗಣಿತವನ್ನು ಆರಂಭಿಸುವ ವಿದ್ಯಾರ್ಥಿಗೆ ಎರಡು ಶಂಕೆಗಳು ಸಹಜ: ಸಂಖ್ಯೆಯಿರಬೇಕಾದೆಡೆ ಅಕ್ಷರವೇಕೆ? ಪದವೊಂದನ್ನು ಎದುರು ಪಕ್ಷಕ್ಕೆ ಒಯ್ದರೆ ಚಿಹ್ನೆಯೇಕೆ ಮಾರ್ಪಡುವುದು? ಸಮಾಧಾನ ದೊರೆಯದಿದ್ದರೆ ವಿಧಿಯನ್ನು ಕಂಠಪಾಠ ಮಾಡುವುದೇ ಅವನಿಗುಳಿಯುವ ಮಾರ್ಗ. ಆದರೆ ಈ ಎರಡಕ್ಕೂ ಶಾಸ್ತ್ರದ ಇತಿಹಾಸದಲ್ಲಿಯೇ ಉತ್ತರವುಂಟು.

ಕ್ರಿ. ಶ. 499ರ ಆರ್ಯಭಟೀಯದಲ್ಲಿ ಬೆಲೆ ತಿಳಿಯದ ವಸ್ತುವಿಗೆ ಗುಲಿಕೆಯೆಂದು ಹೆಸರು. ಸಮಾನ ಸಂಪತ್ತುಳ್ಳ ಇಬ್ಬರ ರೂಪಕಗಳ ಅಂತರವನ್ನು ಗುಲಿಕೆಗಳ ಅಂತರದಿಂದ ಭಾಗಿಸಿದರೆ ಗುಲಿಕೆಯ ಬೆಲೆ ದೊರೆಯುವುದೆಂದು ಅಲ್ಲಿ ವಿಧಿಸಿದೆ. ಬ್ರಹ್ಮಗುಪ್ತನು 628ರ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಧನ, ಋಣ, ಶೂನ್ಯಗಳ ಸಂಕಲನಾದಿ ನಿಯಮಗಳನ್ನು ನಿರೂಪಿಸಿದನು. 12ನೆಯ ಶತಮಾನದ ಭಾಸ್ಕರಾಚಾರ್ಯನ ಬೀಜಗಣಿತದಲ್ಲಿ ಅವ್ಯಕ್ತಕ್ಕೆ ‘ಯಾವತ್ತಾವತ್’ ಎಂದು ಹೆಸರು. ‘ಎಷ್ಟೋ ಅಷ್ಟು’ ಎಂಬುದು ಅದರ ಅರ್ಥ. ಬರೆಯುವಾಗ ‘ಯಾ’ ಎಂಬ ಮೊದಲಕ್ಷರವೇ ಸಾಕು. ಮುಂದಿನ ಅವ್ಯಕ್ತಗಳಿಗೆ ಕಾಲಕ, ನೀಲಕ ಮೊದಲಾದ ಬಣ್ಣಗಳ ಹೆಸರು. ಆದುದರಿಂದ ಅಕ್ಷರವೆಂಬುದು ಇನ್ನೂ ತಿಳಿಯದ ಸಂಖ್ಯೆಯ ಹೆಸರಿನ ಸಂಕ್ಷೇಪವಲ್ಲದೆ ಬೇರೆಯಲ್ಲ.

ಆ ಗ್ರಂಥದ ಉದಾಹರಣೆಯೊಂದು ಎರಡನೆಯ ಶಂಕೆಯನ್ನೂ ಪರಿಹರಿಸುತ್ತದೆ. ಒಬ್ಬನಿಗೆ 300 ರೂಪಗಳೂ 6 ಕುದುರೆಗಳೂ ಇವೆ. ಮತ್ತೊಬ್ಬನಿಗೆ 10 ಕುದುರೆಗಳಿದ್ದು 100 ರೂಪಗಳ ಸಾಲವಿದೆ. ಕುದುರೆಗಳೆಲ್ಲ ಸಮಾನ ಬೆಲೆಯವು, ಇಬ್ಬರ ಸಂಪತ್ತೂ ಸಮಾನ. ಕುದುರೆಯೊಂದರ ಬೆಲೆಯೆಷ್ಟು? ಇಲ್ಲಿ ಮಾಡಬೇಕಾದುದು ಸಮಶೋಧನ. ಎರಡು ಪಕ್ಷಗಳಿಂದಲೂ 6 ಕುದುರೆಗಳನ್ನು ಕಳೆದು, ಸಾಲ ತೀರುವಂತೆ ಇಬ್ಬರಿಗೂ 100 ರೂಪಗಳನ್ನು ಕೂಡಿಸಿದರೆ, ಒಂದೆಡೆ 400 ರೂಪಗಳೂ ಇನ್ನೊಂದೆಡೆ 4 ಕುದುರೆಗಳೂ ಉಳಿಯುವುವು. ಬೆಲೆ 100, ಪ್ರತಿಯೊಬ್ಬನ ಸಂಪತ್ತು 900. ಯಾವ ಪದವೂ ಪಕ್ಷವನ್ನು ದಾಟಲಿಲ್ಲ; ಸಮವಾದುದರಲ್ಲಿ ಸಮವಾದುದನ್ನು ಕಳೆದದ್ದು, ಕೂಡಿಸಿದ್ದು ಅಷ್ಟೆ. ಚಿಹ್ನೆ ಮಾರ್ಪಟ್ಟಂತೆ ತೋರುವುದು ಇದರ ಫಲ.

ಆದರೆ ಪ್ರಾಚೀನರಲ್ಲಿ ಎಲ್ಲವೂ ಇತ್ತೆನ್ನುವುದು ನ್ಯಾಯವಲ್ಲ. ಈ ಉದಾಹರಣೆಯಲ್ಲಿ ‘ಯಾ’ ನಿಶ್ಚಿತವಾದ ಒಂದೇ ಬೆಲೆ, ಏರಿಳಿಯುವ ರಾಶಿಯಲ್ಲ. ಸಮೀಕರಣವನ್ನೂ ರೇಖೆಯನ್ನೂ ಬೆಸೆಯುವ ಮಾರ್ಗವು ಫ್ರಾನ್ಸಿನ ಡೆಕಾರ್ಟನು 1637ರಲ್ಲಿ ಪ್ರಕಟಿಸಿದ ಜ್ಯಾಮಿತಿಗ್ರಂಥದಿಂದ ಪ್ರಸಿದ್ಧಿಗೆ ಬಂದಿತು. ಆ ದೃಷ್ಟಿಯಲ್ಲಿ ಕುದುರೆಯ ಬೆಲೆ ಒಂದೊಂದು ರೂಪ ಏರಿದಂತೆ ಮೊದಲನೆಯವನ ಸಂಪತ್ತು 6ರಂತೆ, ಎರಡನೆಯವನದು 10ರಂತೆ ಏರುವುದು. ಇವೆರಡೂ ಸರಳರೇಖೆಗಳು; 100ರ ನೇರದಲ್ಲಿ, 900ರ ಎತ್ತರದಲ್ಲಿ ಸಂಧಿಸುವುವು. ಭಾಸ್ಕರನು ಕಂಡುಹಿಡಿದ ಬೆಲೆಯೇ ಈ ಸಂಧಿಬಿಂದು. ಮೊದಲು ಸಮಶೋಧನವನ್ನು ಕಲಿಸಿ, ಅದೇ ಲೆಕ್ಕದಿಂದ ರೇಖೆಗಳನ್ನು ಎಳೆಯಿಸುವುದು ಉಪಾಧ್ಯಾಯರಿಗೆ ಯುಕ್ತವಾದ ಕ್ರಮ.